ಸುಳ್ಳೆಂದು ಬಲ್ಲೆವು, ಆದರೂ ನಡುಗುವೆವು

ಕತ್ತಲೆ ಕವಿದ ಚಿತ್ರಮಂದಿರದಲ್ಲಿ ನಾವು ಕುಳಿತಿದ್ದೇವೆ. ಎದುರಿಗಿರುವುದು ಒಂದು ಬಿಳಿಯ ತೆರೆ. ಅದರ ಮೇಲೆ ಆಡುತ್ತಿರುವುದು ಬರಿಯ ಬೆಳಕು, ನೆರಳು. ಅಲ್ಲಿ ಕಾಣುವ ಕೊಲೆಗಡುಕನು ಸಂಭಾವನೆ ಪಡೆದು ನಟಿಸಿದವನು. ಅವನ ಚೂರಿ ನಮ್ಮನ್ನು ಎಂದಿಗೂ ಮುಟ್ಟಲಾರದು. ಇದೆಲ್ಲವೂ ನಮಗೆ ಚೆನ್ನಾಗಿ ತಿಳಿದಿದೆ. ಆದರೂ ತೆರೆಯ ಮೇಲಿನ ಬಾಗಿಲು ಕಿರುಗುಟ್ಟಿದೊಡನೆ ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಮೈ ನವಿರೇಳುತ್ತದೆ. ಬುದ್ಧಿಯು ಸುಳ್ಳೆಂದು ಬಲ್ಲುದನ್ನು ದೇಹವು ನಿಜವೆಂದು ನಂಬುವುದೇಕೆ?

ಜಗತ್ತಿನ ಜನರನ್ನು ಬಹುವಾಗಿ ಹೆದರಿಸಿದ ಚಿತ್ರಗಳಲ್ಲಿ 1960ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಸೈಕೊ’ ಒಂದು. ಅದರ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್. ಸ್ನಾನದ ಕೋಣೆಯಲ್ಲಿ ತರುಣಿಯೊಬ್ಬಳು ಕೊಲೆಯಾಗುವ ದೃಶ್ಯಕ್ಕಾಗಿ ಅದು ಹೆಸರಾಗಿದೆ. ಕೊಲೆ ನಡೆಯುವುದು ಮುಕ್ಕಾಲು ನಿಮಿಷದಷ್ಟು ಹೊತ್ತು. ಅದನ್ನು ಚಿತ್ರೀಕರಿಸಲು ಒಂದು ವಾರ ಹಿಡಿಯಿತು. ಚಿತ್ರವು ಕಪ್ಪು ಬಿಳುಪಿನದಾದ್ದರಿಂದ ರಕ್ತದ ಬದಲು ಚಾಕೊಲೇಟಿನ ಪಾಕ ಸಾಕಾಯಿತು. ಇರಿತದ ಸದ್ದಿಗಾಗಿ ಕರ್ಬೂಜದ ಹಣ್ಣನ್ನು ಇರಿದರು. ಚೂರಿಯು ಮೈಯನ್ನು ಹೊಗುವುದು ನಮಗೆ ಕಾಣುವುದೇ ಇಲ್ಲವೆನ್ನಬಹುದು. ಚೂರಿ, ಕೈ, ಮುಖ, ಸುರಿಯುವ ನೀರು, ಇವುಗಳ ತುಣುಕುಗಳು ಒಂದರ ಹಿಂದೊಂದು ಮಿಂಚಿ ಮರೆಯಾಗುತ್ತವೆ. ಉಳಿದುದನ್ನು ನಮ್ಮ ಮನಸ್ಸು ತಾನೇ ಕಲ್ಪಿಸಿಕೊಳ್ಳುತ್ತದೆ.

ಕಣ್ಣಿಗಿಂತ ಕಿವಿಗೆ ಬೀಳುವ ಪೆಟ್ಟು ಇನ್ನೂ ಹೆಚ್ಚಿನದು. ಈ ಚಿತ್ರದ ಸಂಗೀತವನ್ನು ಬರ್ನಾರ್ಡ್ ಹರ್ಮನ್ ಅವರು ಬರಿಯ ತಂತಿವಾದ್ಯಗಳಿಗಾಗಿ ರಚಿಸಿದರು. ಕೊಲೆಯ ವೇಳೆಯಲ್ಲಿ ಪಿಟೀಲುಗಳು ಕರ್ಕಶವಾಗಿ ಚೀರುತ್ತವೆ. ಪ್ರಾಣಿಯು ಗಾಬರಿಗೊಂಡು ಕೂಗುವಾಗ ಅದರ ಧ್ವನಿತಂತುಗಳು ಮಿತಿಮೀರಿ ಕಂಪಿಸಿ ಸ್ವರವು ಒಡೆಯುವುದುಂಟು. ಮಾರ್ಮಟ್ ಎಂಬ, ಅಳಿಲಿನ ಬಳಗಕ್ಕೆ ಸೇರಿದ ಪ್ರಾಣಿಯ ಕೂಗನ್ನು ಅಭ್ಯಸಿಸುತ್ತಿದ್ದ ಡೇನಿಯಲ್ ಬ್ಲೂಮ್‌ಸ್ಟೀನ್ ಮತ್ತು ಅವರ ಸಂಗಡಿಗರು ನೂರಕ್ಕೂ ಹೆಚ್ಚು ಚಲಚ್ಚಿತ್ರಗಳ ಧ್ವನಿಯನ್ನು ಪರೀಕ್ಷಿಸಿ, ಭಯದ ಚಿತ್ರಗಳಲ್ಲಿ ಇಂಥ ಒಡಕು ಸದ್ದುಗಳು ಹೆಚ್ಚಾಗಿರುವುದನ್ನು 2010ರಲ್ಲಿ ತಿಳಿಸಿದರು. ಮರಿಯ ಚೀರಾಟಕ್ಕೆ ತಾಯಿಯನ್ನು ಬೆಚ್ಚಿಬೀಳಿಸುವ ಗುಣ ಯಾವುದೋ, ಅದನ್ನೇ ಸಂಗೀತಗಾರರು ತಮಗರಿವಿಲ್ಲದೆ ಬಳಸಿಕೊಂಡಿರಬೇಕು.

ಈ ಸುಳಿವುಗಳು ಮಿದುಳನ್ನು ಸೇರಿದ ಮೇಲೆ ಏನಾಗುತ್ತದೆ? ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿಯಾಕಾರದ ಎರಡು ಪುಟ್ಟ ಭಾಗಗಳಿವೆ. ಇವಕ್ಕೆ ಅಮಿಗ್ಡಲ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಬಾದಾಮಿ ಎಂದೇ ಅರ್ಥ. ಅಪಾಯದ ಸುಳಿವನ್ನು ಹಿಡಿಯುವುದು ಇವುಗಳ ಕೆಲಸಗಳಲ್ಲಿ ಒಂದು. ವಿವೇಚನೆಗೆ ನೆಲೆಯಾದ ಹೊರಪದರವು ಕಂಡುದನ್ನು ಕೂಲಂಕಷವಾಗಿ ಅಳೆದು ಮುಗಿಸುವ ಮೊದಲೇ ಇವು ಎಚ್ಚರಿಕೆಯ ಗಂಟೆಯನ್ನು ಬಾರಿಸಬಲ್ಲವು. ಕೂಡಲೇ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ನಾಡಿ ಚುರುಕಾಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಓಡುವುದಕ್ಕಾಗಲಿ ಹೋರಾಡುವುದಕ್ಕಾಗಲಿ ದೇಹವು ಸಿದ್ಧ! ಹಗ್ಗವನ್ನು ಹಾವೆಂದು ಭ್ರಮಿಸಿದ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಹೇಳಿದರಷ್ಟೆ. ಜೀವವಿಜ್ಞಾನದ ದೃಷ್ಟಿಯಿಂದ ಆ ಭ್ರಮೆಯೂ ಉಪಕಾರಿಯೇ ಸರಿ. ಹಗ್ಗಕ್ಕೆ ಹೆದರಿ ಹಾರಿದವನು ಕಳೆದುಕೊಳ್ಳುವುದು ಒಂದು ಹೆಜ್ಜೆ. ಹಾವನ್ನು ಹಗ್ಗವೆಂದು ತುಳಿದವನು ಪ್ರಾಣವನ್ನೇ ಕಳೆದುಕೊಂಡಾನು.

ಅಮಿಗ್ಡಲ ಇಲ್ಲವಾದರೆ? ಅಪರೂಪದ ರೋಗದಿಂದ ಎರಡು ಕಡೆಯ ಅಮಿಗ್ಡಲಗಳೂ ನಾಶವಾದ ಒಬ್ಬ ಅಮೆರಿಕನ್ ಮಹಿಳೆಯ ವಿಷಯವನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅತ್ಯಂತ ಭೀಕರವೆನಿಸಿದ ಚಿತ್ರಗಳ ತುಣುಕುಗಳನ್ನು ತೋರಿಸಿದಾಗ ಆಕೆಗೆ ಕುತೂಹಲವಾಯಿತೇ ಹೊರತು ಭಯವಾಗಲಿಲ್ಲ. ಒಂದು ಚಿತ್ರದ ಹೆಸರನ್ನಂತೂ, ಬಾಡಿಗೆಗೆ ತಂದು ಪೂರ್ತಿ ನೋಡಬೇಕೆಂದು ಕೇಳಿದಳು. ಹಾವುಗಳಿಗೂ ಆಕೆ ಹೆದರಲಿಲ್ಲ. ಆದರೆ 2013ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಇಂಗಾಲದ ಡೈ ಆಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡಿದಾಗ ಆಕೆಯೂ ತೀವ್ರ ಭೀತಿಗೊಳಗಾದಳು! ಹೊರಗಿನಿಂದ ಬರುವ ಭಯಕ್ಕೂ ಉಸಿರುಗಟ್ಟಿದಾಗ ಒಳಗಿನಿಂದೇಳುವ ಭಯಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿರಬೇಕೆಂದು ಇದರಿಂದ ಊಹಿಸಬಹುದು.

ತೆರೆಯ ಭಯವು ರಕ್ತದಲ್ಲಿಯೂ ಗುರುತು ಬಿಡುತ್ತದೆ. ನೆದರ್ಲೆಂಡ್ಸಿನ ವೈದ್ಯರು 24 ಮಂದಿ ಆರೋಗ್ಯವಂತ ತರುಣರಿಗೆ ಒಂದು ಭಯದ ಚಿತ್ರವನ್ನೂ ಒಂದು ಬೋಧಪ್ರದ ಚಿತ್ರವನ್ನೂ ಬೇರೆ ಬೇರೆ ದಿನ ತೋರಿಸಿ ರಕ್ತವನ್ನು ಪರೀಕ್ಷಿಸಿದರು. ರಕ್ತ ಹೆಪ್ಪುಗಟ್ಟಲು ನೆರವಾಗುವ ‘ಎಂಟನೆಯ ಘಟಕ’ವು ಭಯದ ಚಿತ್ರದ ವೇಳೆ 12 ಮಂದಿಯಲ್ಲಿ ಏರಿತು, ಬೋಧಪ್ರದ ಚಿತ್ರದ ವೇಳೆ 3 ಮಂದಿಯಲ್ಲಿ ಮಾತ್ರ. 2015ರಲ್ಲಿ ಇದು ಪ್ರಕಟವಾಯಿತು. ಯಾರ ರಕ್ತವೂ ನಿಜವಾಗಿ ಹೆಪ್ಪುಗಟ್ಟಲಿಲ್ಲ. ದೇಹವು ಬರಲಿರುವ ಗಾಯಕ್ಕೆ ಮುಂಚಿತವಾಗಿಯೇ ಅಣಿಯಾಯಿತೆಂದು ತೋರುತ್ತದೆ.

ದೀಪ ಹತ್ತಿದೊಡನೆ ಬಹುಮಂದಿಯ ಭಯವು ಕರಗುತ್ತದೆ, ಎಲ್ಲರದೂ ಹಾಗಲ್ಲ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ನೋಡಿದ ಬಳಿಕ ಮನಸ್ಸು ಕದಡಿ ಚಿಕಿತ್ಸೆಗೆ ಬಂದ ನಾಲ್ವರ ವೃತ್ತಾಂತವು 1975ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು.

ಅದೇ 1975ರಲ್ಲಿ ತೆರೆ ಕಂಡ ‘ಜಾಸ್’ ಚಿತ್ರದ ಕಥೆ ಇನ್ನೂ ವಿಚಾರಾರ್ಹ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಇದರಲ್ಲಿ ನರಭಕ್ಷಕವಾದ ಒಂದು ಶಾರ್ಕ್ ಮೀನು ಊರನ್ನು ನಡುಗಿಸುತ್ತದೆ. ಚಿತ್ರಕ್ಕಾಗಿ ಮಾಡಿದ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಇಳಿದು ಪದೇ ಪದೇ ಕೆಟ್ಟಿತು. ಬೇರೆ ದಾರಿಯಿಲ್ಲದೆ ನಿರ್ದೇಶಕರು ಮೀನನ್ನು ಮರೆಯಲ್ಲಿಟ್ಟು, ಅಲುಗುವ ನೀರನ್ನೂ ಎರಡೇ ಸ್ವರಗಳ ಸಂಗೀತವನ್ನೂ ನೆಚ್ಚಬೇಕಾಯಿತು. ಕಾಣದ ಮೀನು ಕಾಣುವ ಮೀನಿಗಿಂತ ಭಯಂಕರವಾಯಿತು!

ಆದರೆ ಆ ಭಯವು ಪ್ರೇಕ್ಷಕರ ಬೆನ್ನು ಹತ್ತಿ ಕಡಲತೀರಕ್ಕೂ ಹೋಯಿತು. ವಾಸ್ತವವಾಗಿ ಲೋಕದಲ್ಲೆಲ್ಲ ಶಾರ್ಕಿನಿಂದ ಸಾಯುವವರು ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಮಂದಿಯನ್ನು ಮೀರುವುದಿಲ್ಲ; ಮನುಷ್ಯರ ಕೈಯಲ್ಲಿ ಸಾಯುವ ಶಾರ್ಕುಗಳನ್ನು ಕೋಟಿಗಳಲ್ಲಿ ಎಣಿಸಬೇಕು. 1970ರಿಂದೀಚೆಗೆ ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆ ಮೀನುಗಳು ಶೇಕಡ 71ರಷ್ಟು ಕುಗ್ಗಿವೆಯೆಂದು 2021ರ ಅಧ್ಯಯನವೊಂದು ತಿಳಿಸಿತು. ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ಆದರೂ ದ್ವೇಷಿಸಲ್ಪಟ್ಟ ಪ್ರಾಣಿಗಾಗಿ ಮರುಗುವವರು ಯಾರು? ಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು ಬರೆದ ಪೀಟರ್ ಬೆಂಚ್ಲಿ ತಮ್ಮ ಉತ್ತರ ವಯಸ್ಸನ್ನು ಕಡಲಿನ ರಕ್ಷಣೆಗೆ ಮುಡಿಪಿಟ್ಟರು. ಸ್ಪೀಲ್‌ಬರ್ಗ್ ಅವರು 2022ರಲ್ಲಿ ತಮ್ಮ ಪಶ್ಚಾತ್ತಾಪವನ್ನು ಬಾಯಿಬಿಟ್ಟು ಹೇಳಿದರು.

ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿದನು. ಬೆವರು, ನಡುಕ, ರೋಮಾಂಚಗಳನ್ನು ಸಾತ್ತ್ವಿಕ ಭಾವಗಳ ಪಟ್ಟಿಯಲ್ಲಿ ಸೇರಿಸಿದನು. ಭಯವು ಸವಿಯಾಗಬೇಕಾದರೆ ನಾವು ಸುರಕ್ಷಿತರೆಂಬ ಅರಿವು ಹಿನ್ನೆಲೆಯಲ್ಲಿರಬೇಕು. ಆದುದರಿಂದ ತೆರೆಯ ಮುಂದೆ ನಡುಗುವುದಕ್ಕೆ ನಾಚಬೇಕಾದುದಿಲ್ಲ. ಲಕ್ಷಾಂತರ ವರ್ಷ ನಮ್ಮ ಪೂರ್ವಜರನ್ನು ಕಾಯ್ದ ಕಾವಲುಗಾರನು ಅಲ್ಲಿ ತನ್ನ ಕರ್ತವ್ಯವನ್ನು ಮಾಡುತ್ತಿರುವನು. ದೀಪ ಹತ್ತಿದ ಮೇಲೆ, ತಡವಾಗಿ ಬರುವ ವಿವೇಕಕ್ಕೂ ಅವಕಾಶ ಕೊಡೋಣ. ನಾವು ಹೆದರಿದ್ದು ಹಾವಿಗೋ ಹಗ್ಗಕ್ಕೋ ಎಂದು ಅದು ವಿಚಾರಿಸಲಿ.