ಸೌರಮಾರುತಕ್ಕೆ ಬಾಗಿಲು ತೆರೆಯುವುದು ಯಾವಾಗ?

ನಿಮ್ಮ ಮನೆಯ ಟೆಲಿವಿಷನ್ ಪರದೆಯ ಮೇಲೆ ಮೂಡುವ ಚಿತ್ರ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಮುಟ್ಟಿ ಬರುತ್ತದೆಂಬುದು ನಿಮಗೆ ತಿಳಿದ ಸಂಗತಿ. ಅಷ್ಟು ಎತ್ತರದಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಆದರೂ ಅಲ್ಲಿ ಬಿರುಗಾಳಿಯ ಭಯ ಉಂಟು. ಅದು ಸೂರ್ಯನಿಂದ ಬೀಸುವ ಸೌರಮಾರುತ.

ಸೂರ್ಯನ ಹೊರ ಆವರಣವಾದ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಇಷ್ಟು ಕಾದ ಅನಿಲವನ್ನು ಸೂರ್ಯನ ಗುರುತ್ವ ಪೂರ್ತಿಯಾಗಿ ಹಿಡಿದಿಡಲಾರದು. ಪ್ರೋಟಾನು, ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 300ರಿಂದ 800 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಿಯುತ್ತಲೇ ಇರುತ್ತವೆ. ಯೂಜಿನ್ ಪಾರ್ಕರ್ 1958ರಲ್ಲಿ ಇದನ್ನು ಲೆಕ್ಕದಿಂದ ತೋರಿಸಿದರು. 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್-2 ನೌಕೆ ಅದನ್ನು ಅಳೆದು ದೃಢಪಡಿಸಿತು.

ಭೂಮಿ ಒಂದು ದೊಡ್ಡ ಅಯಸ್ಕಾಂತವೆಂದು ಶಾಲೆಯಲ್ಲಿ ಓದಿದ್ದೀರಿ. ಹೊಳೆಯ ನೀರು ನಡುವಿನ ಬಂಡೆಯನ್ನು ಬಳಸಿ ಹರಿಯುವಂತೆ, ಸೌರಮಾರುತದ ಬಹುಭಾಗ ಭೂಮಿಯ ಕಾಂತಕ್ಷೇತ್ರವನ್ನು ಬಳಸಿ ಮುಂದೆ ಸಾಗುತ್ತದೆ. ಸೂರ್ಯನಿಗೆ ಎದುರಾದ ಪಕ್ಕದಲ್ಲಿ ಈ ಕವಚದ ಗಡಿ ಸುಮಾರು 60,000 ಕಿಲೋಮೀಟರ್ ದೂರದಲ್ಲಿದೆ. ಹಿಂಬದಿಯಲ್ಲಿ ಅದು ಚಂದ್ರನ ಕಕ್ಷೆಯನ್ನೂ ದಾಟಿ ಉದ್ದನೆಯ ಬಾಲವಾಗಿ ಚಾಚಿದೆ.

ಹಾಗಾದರೆ ನಾವು ನಿಶ್ಚಿಂತರೇ? ಅಲ್ಲ. ಸೌರಮಾರುತ ತನ್ನೊಂದಿಗೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಕವಚದ ಮುಂಭಾಗದಲ್ಲಿ ಭೂಮಿಯ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿರುತ್ತದೆ. ಬಂದ ಕ್ಷೇತ್ರವೂ ಉತ್ತರಮುಖಿಯಾಗಿದ್ದರೆ ಹೆಚ್ಚಿನ ತೊಂದರೆಯಿಲ್ಲ. ಅದು ದಕ್ಷಿಣಮುಖಿಯಾಗಿದ್ದರೆ ಮಾತ್ರ ಎರಡೂ ಕ್ಷೇತ್ರಗಳ ರೇಖೆಗಳು ಕಡಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಾಗಿಲು ತೆರೆದಂತಾಗಿ ಸೌರಮಾರುತದ ಶಕ್ತಿ ಒಳನುಗ್ಗುತ್ತದೆ. 1961ರಲ್ಲಿ ಜೇಮ್ಸ್ ಡಂಜಿ ಕೊಟ್ಟ ವಿವರಣೆಯಿದು. ಈ ಶಕ್ತಿ ಬಾಲದಲ್ಲಿ ಶೇಖರಗೊಂಡು ಒಮ್ಮೆಗೇ ಬಿಡುಗಡೆಯಾದಾಗ ಧ್ರುವಪ್ರದೇಶಗಳ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುತ್ತದೆ.

ನೋಡಲು ಚೆಂದ, ಆದರೆ ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಂತಕ್ಷೇತ್ರ ಅಲುಗಾಡಿದಾಗ ನೆಲದಲ್ಲಿಯೂ ಉದ್ದನೆಯ ವಿದ್ಯುತ್ ಮಾರ್ಗಗಳಲ್ಲಿಯೂ ಬೇಡದ ವಿದ್ಯುತ್ ಹರಿಯುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಸುಮಾರು ಒಂದೂವರೆ ನಿಮಿಷದಲ್ಲಿ ಕುಸಿದು, ಅರವತ್ತು ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕಾಲ ಕತ್ತಲಲ್ಲಿ ಕಳೆದರು. ಪ್ರಬಲ ಬಿರುಗಾಳಿಯ ಒತ್ತಡಕ್ಕೆ ಕವಚದ ಮುಂಭಾಗ 36,000 ಕಿಲೋಮೀಟರಿಗಿಂತಲೂ ಒಳಕ್ಕೆ ಸರಿಯುವುದುಂಟು. ಆಗ ಆ ಪಕ್ಕದಲ್ಲಿರುವ ಟೆಲಿವಿಷನ್ ಉಪಗ್ರಹ ರಕ್ಷಣೆಯ ಹೊರಗೆ ಉಳಿದುಬಿಡುತ್ತದೆ.

ಮುನ್ಸೂಚನೆ ಸಾಧ್ಯವೇ? ಸೂರ್ಯನಲ್ಲಿ ಸ್ಫೋಟವಾದುದನ್ನು ದೂರದರ್ಶಕದಲ್ಲಿ ಕಾಣಬಹುದು. ಆದರೆ ಬರುತ್ತಿರುವ ಕ್ಷೇತ್ರದ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ದಾರಿಯಲ್ಲಿಯೇ ಅಳೆಯಬೇಕು. 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆ ಸೇರಿದ ಭಾರತದ ಆದಿತ್ಯ-ಎಲ್1 ನೌಕೆಯಲ್ಲಿ ಇದಕ್ಕಾಗಿಯೇ ಕಾಂತಮಾಪಕವಿದೆ. ಅದು ಸಿದ್ಧವಾದದ್ದು ಬೆಂಗಳೂರಿನಲ್ಲಿ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಮಾರುತ ಅಲ್ಲಿಂದ ನಮ್ಮನ್ನು ತಲುಪಲು ಒಂದು ಗಂಟೆ ಸಾಕು. ವೇಗ ಇಮ್ಮಡಿಯಾದರೆ ಅರ್ಧ ಗಂಟೆ. ವಿದ್ಯುತ್ ಜಾಲವನ್ನೂ ಉಪಗ್ರಹಗಳನ್ನೂ ಕಾಯುವವರಿಗೆ ಖಚಿತವಾಗಿ ಸಿಗುವ ಕಾಲಾವಕಾಶ ಇಷ್ಟೇ.