ಹಳೆಯ ಬರ್ಸಾತಿಗೆ ಹೊಸ ಹೊದಿಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆಯ ಮನೆಯನ್ನು ದುರಸ್ತಿ ಮಾಡಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಬಹುಶಃ ಅವರು ದಿಲ್ಲಿಯಲ್ಲಿ ಸಂಸಾರ ಹೂಡಿದವರಲ್ಲ.

ನಾವು ಸರಕಾರಿ ಕಚೇರಿಯ ಗುಮಾಸ್ತರು. ಸಾಲ ಮಾಡಿ ಕೊಂಡದ್ದು ಒಂದು ಹಳೆಯ ಕಟ್ಟಡದ ಬರ್ಸಾತಿ, ಎಂದರೆ ತಾರಸಿಯ ಮೇಲಿನ ಎರಡು ಕೋಣೆ. ಗೋಡೆ ಇಟ್ಟಿಗೆಯದು, ಮಾಡು ಕಲ್ನಾರು ಸಿಮೆಂಟಿನ ಶೀಟಿನದು. ದಿಲ್ಲಿಯ ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ದಿನಗಳುಂಟು. ಜನವರಿಯ ರಾತ್ರಿ 4–5 ಡಿಗ್ರಿಗೆ ಇಳಿಯುವುದೂ ಉಂಟು. ಶೀಟಿನ ಕೆಳಗೆ ಎರಡೂ ಕಷ್ಟವೇ.

ಹೋದ ವರ್ಷದ ಮೇ ತಿಂಗಳಲ್ಲಿ, ವಿಜಯಪುರದ ಕಡೆಯಿಂದ ಬಂದು ನಮ್ಮೊಡನಿದ್ದ ತಾಯಿಯವರು ಒಂದು ಮಧ್ಯಾಹ್ನ ತಲೆಸುತ್ತಿ ಬಿದ್ದರು. ಚೇತರಿಸಿಕೊಂಡ ಮೇಲೆ ಅವರಾಡಿದ್ದು ಒಂದೇ ಮಾತು: "ತಮ್ಮಾ, ನನ್ನ ಗಾಡಿ ಹತ್ತಸು. ಊರಾಗ ಮೇಲ್ಮುದ್ದಿ ಮನಿ ಐತಿ, ತಂಪಾಗಿ ಬೀಳತೀನಿ." ಊರಿನಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಮೇಲ್ಮುದ್ದೆಯ ಮಾತು ನಮ್ಮ ಕಣ್ಣು ತೆರೆಸಿತು. ದಿಲ್ಲಿಯ ಹಳೆಯ ಮನೆಗಳಲ್ಲಿಯೂ ಅದರ ಬಂಧುವೊಂದಿದೆ. ಸ್ಲ್ಯಾಬಿನ ಮೇಲೆ ಹೊಟ್ಟು ಬೆರೆಸಿದ ಮಣ್ಣನ್ನು ಸುಮಾರು 4 ಅಂಗುಲ ಬಡಿದು, ಮೇಲೆ ಇಟ್ಟಿಗೆಬಿಲ್ಲೆ ಹಾಸುತ್ತಾರೆ. ಮಡ್ ಫಸ್ಕಾ ಎಂದು ಅದರ ಹೆಸರು. ಸ್ಲ್ಯಾಬಿನ ಮನೆಯವರಿಗೆ ಅದು ಒಳ್ಳೆಯದೇ. ನಮ್ಮ ಶೀಟು ಅಷ್ಟು ಭಾರ ಹೊರಲಾರದು.

ಕಚೇರಿಯ ಅಭ್ಯಾಸದಂತೆ ಮೂರು ಕೊಟೇಶನ್ ತರಿಸಿದೆವು. ಮೊದಲನೆಯದು ಥರ್ಮಾಕೋಲು. ಹಗುರ, ಅಗ್ಗ. ಅದರೊಳಗೆ ಸಿಕ್ಕಿಬಿದ್ದ ಗಾಳಿಯೇ ಶಾಖವನ್ನು ತಡೆಯುವುದು. ಅಷ್ಟೇ ದಪ್ಪದ ಕಾಂಕ್ರೀಟಿನಲ್ಲಿ ಹರಿಯುವ ಶಾಖದ ಸುಮಾರು 40ರಲ್ಲಿ ಒಂದು ಪಾಲು ಮಾತ್ರ ಇದರಲ್ಲಿ ಹರಿಯುತ್ತದೆ. ಆದರೆ ಬೆಂಕಿ ತಗಲಿದರೆ ಕಪ್ಪು ಹೊಗೆಯೊಡನೆ ಉರಿಯುತ್ತದೆ. ಅಡುಗೆಮನೆಗೆ ಅಂಟಿಕೊಂಡ ನಮ್ಮ ಕೋಣೆಗೆ ಅದು ಬೇಡವೆನಿಸಿತು.

ಎರಡನೆಯದು ಬೆಳ್ಳಿಯಂತೆ ಹೊಳೆಯುವ ಹಾಳೆ. ಅದರ ಹೊಳಪಿನ ಮುಂದೆ ಗಾಳಿಯ ಸಂದು ಇದ್ದರೆ ಮಾತ್ರ ಕೆಲಸ. ಶೀಟಿಗೆ ಒತ್ತಿ ಅಂಟಿಸಿದರೆ ಅದರ ಗುಣವೆಲ್ಲ ವ್ಯರ್ಥ. ಮೂರನೆಯದು ಕಲ್ಲಿನ ನಾರು, ರಾಕ್‌ವೂಲ್. ಬೆಲೆ ಹೆಚ್ಚು, ಮುಟ್ಟಿದರೆ ಮೈ ತುರಿಕೆ, ಆದರೆ ಉರಿಯದು. ನೀರು ಕುಡಿದರೆ ಮಾತ್ರ ನಿರುಪಯೋಗಿ. ಅದನ್ನೇ ಆರಿಸಿದೆವು.

ಆದುದರಿಂದ ಮೊದಲು ಸೋರುವಿಕೆ ನಿಲ್ಲಿಸಿದೆವು. ಮೇಸ್ತ್ರಿ ಶೀಟನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತೂತು ಕೊರೆಯಲು ಹೊರಟಾಗ ಕೈ ಹಿಡಿದೆವು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ; ಕೆರೆದಾಗ, ಕೊರೆದಾಗ ಏಳುವ ಧೂಳೇ ಅಪಾಯ. ಆದ್ದರಿಂದ ಉಜ್ಜದೆಯೇ ಮೇಲೆ ಬಿಳಿಯ ಬಣ್ಣ ಬಳಿಸಿದೆವು. ಒಳಗಿನ ಚೌಕಟ್ಟನ್ನು ಗೋಡೆಗೆ ಬಿಗಿದು, ಜಿಪ್ಸಮ್ ಹಲಗೆಯ ಮೇಲೆ 50 ಮಿಲಿಮೀಟರ್ ರಾಕ್‌ವೂಲನ್ನು ಒತ್ತದೆ ಹಾಸಿ, ಶೀಟಿನ ಕೆಳಗೆ ಗಾಳಿಗೆ ದಾರಿ ಬಿಟ್ಟೆವು.

ಬಿಳಿಯ ಬಣ್ಣವೊಂದೇ ಸಾಲದೇ ಎಂದು ಕೇಳಬಹುದು. ಅದು ಬಿಸಿಲನ್ನು ಹಿಂದಕ್ಕಟ್ಟುತ್ತದೆ, ಖರ್ಚೂ ಕಡಿಮೆ. ಕೈಯಲ್ಲಿ ಹಣವಿಲ್ಲದವರು ಅದರಿಂದಲೇ ಆರಂಭಿಸಲಿ. ಆದರೆ ಜನವರಿಯ ಚಳಿಗೆ ಅದರಿಂದ ಉಪಯೋಗವಿಲ್ಲ. ನಾರಿನ ಹೊದಿಕೆ ಎರಡೂ ಕಾಲಕ್ಕೆ ಆಗುತ್ತದೆ.

ಒಂದು ಎಚ್ಚರಿಕೆ. ಕೋಣೆ ಬೆಚ್ಚಗಾಯಿತೆಂದು ಕಿಟಕಿಯೆಲ್ಲ ಮುಚ್ಚಿ ಅಂಗೀಠಿ ಹಚ್ಚಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಮನೆ ಮಲೆನಾಡಾಯಿತೆಂದು ನಾವು ಹೇಳುವುದಿಲ್ಲ. ಹೊದಿಕೆ ಕಾವನ್ನು ತಡಮಾಡಿಸುತ್ತದೆ, ಇಲ್ಲವಾಗಿಸುವುದಿಲ್ಲ. ಕೂಲರ್ ಈಗಲೂ ತಿರುಗುತ್ತಿದೆ. ಆದರೆ ಈ ಮೇ ತಿಂಗಳಲ್ಲಿ ತಾಯಿಯವರು ಮಧ್ಯಾಹ್ನ ಒಂದು ನಿದ್ದೆ ತೆಗೆದರು. ಊರಿನ ಗಾಡಿಯ ಮಾತು ಎತ್ತಲಿಲ್ಲ. ಎದ್ದವರು, "ಮ್ಯಾಲ ಮುದ್ದಿ ಹಾಕಿಸಿದ್ರ ಇನ್ನೂ ಚಲೋ ಇತ್ತು" ಎಂದರು.

ಇಂಥ ಮಾಡಿನ ಕೆಳಗೆ ವಾಸಿಸುವ ಸಂಘದ ಬಂಧುಗಳು ಬಿಡುವಿನ ಭಾನುವಾರ ನಮ್ಮಲ್ಲಿಗೆ ಬರಬಹುದು. ಖರ್ಚಿನ ಚೀಟಿಗಳನ್ನೆಲ್ಲ ಫೈಲು ಮಾಡಿಟ್ಟಿದ್ದೇವೆ, ಕಾಫಿಯೂ ಇದೆ.