ಬ್ಯಾಚ್ ಆಜ್ಞೆಗಳಿಂದ ಫೈಲುಗಳ ಅಳಿಸುವಿಕೆ: ದಾಖಲೆಗಳ ಸಂರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

1. ಪೀಠಿಕೆ

ಇತಿಹಾಸದ ಅಧ್ಯಯನದಲ್ಲಿ ದಾಖಲೆಗಳ ಸಂರಕ್ಷಣೆಗೆ ಇರುವ ಪ್ರಾಶಸ್ತ್ಯವನ್ನು ಇಲ್ಲಿ ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಸಂರಕ್ಷಣೆಯ ಜೊತೆಯಲ್ಲಿಯೇ ನಡೆಯಬೇಕಾದ ಮತ್ತೊಂದು ಕಾರ್ಯ, ಎಂದರೆ ಬೇಡವಾದುದನ್ನು ತೆಗೆದುಹಾಕುವ ಕಾರ್ಯ, ನಮ್ಮ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಓಲೆಗರಿ ಮತ್ತು ಕಾಗದಗಳ ಕಾಲದಲ್ಲಿ ಈ ಕಾರ್ಯವು ಒಂದೊಂದೇ ಕಟ್ಟನ್ನು ಕೈಗೆತ್ತಿಕೊಂಡು, ಬಿಚ್ಚಿ ನೋಡಿ, ನಿಧಾನವಾಗಿ ನಡೆಯುತ್ತಿತ್ತು. ಗಣಕಯಂತ್ರದಲ್ಲಾದರೋ ಅದು ಒಂದು ಸಾಲಿನ ಆಜ್ಞೆಯಿಂದ ಕ್ಷಣಮಾತ್ರದಲ್ಲಿ ಮುಗಿಯುತ್ತದೆ.

ಮೂಡುಬಿದಿರೆಯ ಜೈನಮಠದ ಗ್ರಂಥಭಂಡಾರ, ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ, ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಇವೆಲ್ಲ ಒಂದಕ್ಕೊಂದು ಬಹಳ ದೂರದಲ್ಲಿಲ್ಲ. ಇಂತಹ ಪ್ರದೇಶದಲ್ಲಿ ಕೆಲಸ ಮಾಡುವ ಅಧ್ಯಾಪಕನಿಗಾಗಲಿ ವಿದ್ಯಾರ್ಥಿಗಾಗಲಿ ಶಾಸನ, ಓಲೆ, ಕಾಗದಪತ್ರಗಳ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಡುವುದು ಅನಿವಾರ್ಯವಾಗಿದೆ. ಸ್ಥಳದ ಕೊರತೆಯೂ ಬಲುಬೇಗ ತಲೆದೋರುತ್ತದೆ. 6000 ಬಿಂದುಗಳ ಅಗಲ ಹಾಗೂ 4000 ಬಿಂದುಗಳ ಎತ್ತರವುಳ್ಳ ಒಂದು ವರ್ಣಚಿತ್ರವನ್ನು ಸಂಕುಚಿತಗೊಳಿಸದೆ ಇಟ್ಟರೆ ಸುಮಾರು 72 ಮೆಗಾಬೈಟುಗಳು ಬೇಕು. ನೂರು ಗರಿಗಳ ಒಂದು ಗ್ರಂಥದ ಎರಡೂ ಮುಖಗಳಿಗೆ ಹದಿನಾಲ್ಕು ಗಿಗಾಬೈಟುಗಳಿಗೂ ಮಿಕ್ಕಿದ ಸ್ಥಳ ಬೇಕಾಗುತ್ತದೆ. ಇದರ ಮೇಲೆ ತಿದ್ದಿದ ಪ್ರತಿ, ಓದುವುದಕ್ಕಾಗಿ ಕಿರಿದುಗೊಳಿಸಿದ ಪ್ರತಿ, ತಾತ್ಕಾಲಿಕ ಪ್ರತಿಗಳು ಸೇರಿದರೆ ಅಳಿಸುವ ಕೆಲಸ ಬಂದೇ ಬರುತ್ತದೆ. ಆ ಕೆಲಸದ ಸ್ವರೂಪವನ್ನೂ, ಅದರಲ್ಲಿರುವ ಅಪಾಯಗಳನ್ನೂ, ಅನುಸರಿಸಬಹುದಾದ ಕ್ರಮವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

2. ಮೂಡುಬಿದಿರೆಯ ದೃಷ್ಟಾಂತ

ಮೂಲ ಮತ್ತು ಪ್ರತಿಗಳ ಸಂಬಂಧವನ್ನು ತಿಳಿಯಲು ಮೂಡುಬಿದಿರೆಗಿಂತ ಉತ್ತಮವಾದ ದೃಷ್ಟಾಂತ ದೊರೆಯಲಾರದು. ಷಟ್ಖಂಡಾಗಮದ ವ್ಯಾಖ್ಯಾನವಾದ ಧವಲ, ಮತ್ತು ಅದರೊಡನೆ ಹೆಸರಿಸಲಾಗುವ ಜಯಧವಲ, ಮಹಾಧವಲಗಳ ಓಲೆಪ್ರತಿಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಮಾತ್ರಕ್ಕೆ ದೊರೆಯುತ್ತಿದ್ದುವು. 1896ರಲ್ಲಿ ಅವುಗಳ ನಕಲು ಮಾಡುವ ಕಾರ್ಯ ಆರಂಭವಾಗಿ ದೀರ್ಘಕಾಲ ನಡೆಯಿತು. ಈ ಅವಧಿಯಲ್ಲಿ ಕೆಲವು ನಕಲುಗಳು ಹೊರಗೂ ಹೋದುವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಷಟ್ಖಂಡಾಗಮದ ಮೊದಲ ಮುದ್ರಿತ ಸಂಪುಟ ಹೊರಬಂದುದು ಇಂತಹ ನಕಲುಗಳ ಆಧಾರದಿಂದಲೇ. ಮೂಡುಬಿದಿರೆಯ ಮೂಲ ಓಲೆಗಳೊಡನೆ ಹೋಲಿಸಿ ನೋಡುವ ಅವಕಾಶ ಮುಂದಿನ ಸಂಪುಟಗಳ ಕಾಲಕ್ಕೆ ಒದಗಿತು. ಆಗ ನಕಲುಗಳಲ್ಲಿ ಬಿಟ್ಟುಹೋಗಿದ್ದ ಹಾಗೂ ತಪ್ಪಾಗಿದ್ದ ಪಾಠಗಳನ್ನು ಸರಿಪಡಿಸುವುದು ಸಾಧ್ಯವಾಯಿತು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಪ್ರತಿಗಳು ಇದ್ದುದರಿಂದ ಗ್ರಂಥವು ಲೋಕಕ್ಕೆ ದೊರೆಯಿತು. ಮೂಲವು ಉಳಿದುದರಿಂದ ಪ್ರತಿಗಳನ್ನು ತಿದ್ದುವುದು ಸಾಧ್ಯವಾಯಿತು. ನಕಲು ಮುಗಿಯಿತೆಂದು ಮೂಲವನ್ನು ಅಂದೇ ತ್ಯಜಿಸಿದ್ದರೆ, ನಕಲಿನ ದೋಷಗಳೇ ಶಾಶ್ವತವಾಗಿ ಗ್ರಂಥದ ಪಾಠವಾಗಿ ನಿಲ್ಲುತ್ತಿದ್ದುವು. ಮೂರನೆಯ ಸಂಗತಿಯೊಂದನ್ನೂ ಇಲ್ಲಿಯೇ ಸೇರಿಸಬಹುದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಪ್ರಕಟವಾಯಿತು. ಭಂಡಾರದಲ್ಲಿ ಏನಿದೆಯೆಂಬ ಪಟ್ಟಿ ಸಿದ್ಧವಾದ ಮೇಲೆಯೇ ಏನು ಕಳೆದಿದೆಯೆಂದು ಹೇಳಲು ಸಾಧ್ಯ. ಮೂಲ, ಪ್ರತಿ, ಪಟ್ಟಿ ಎಂಬ ಈ ಮೂರು ಪರಿಕಲ್ಪನೆಗಳನ್ನು ನೆನಪಿನಲ್ಲಿಟ್ಟುಕೊಂಡು ಗಣಕಯಂತ್ರದ ವಿಚಾರಕ್ಕೆ ಬರೋಣ.

3. ಬ್ಯಾಚ್ ಫೈಲು ಎಂದರೇನು?

ಗಣಕಯಂತ್ರದ ಆರಂಭಕಾಲದಲ್ಲಿ ರಂಧ್ರಗಳುಳ್ಳ ಕಾರ್ಡುಗಳ ಕಟ್ಟುಗಳನ್ನು ಒಟ್ಟಾಗಿ ಯಂತ್ರಕ್ಕೆ ಕೊಟ್ಟು, ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡಿಸುವ ಪದ್ಧತಿಯಿತ್ತು. ಅದಕ್ಕೆ ‘ಬ್ಯಾಚ್’ ಎಂಬ ಹೆಸರು ಬಂದಿತು. 1981ರಲ್ಲಿ ಬಳಕೆಗೆ ಬಂದ ಎಂ.ಎಸ್. ಡಾಸ್ ವ್ಯವಸ್ಥೆಯಲ್ಲಿ, ಆಜ್ಞೆಗಳನ್ನು ಸಾಲುಸಾಲಾಗಿ ಬರೆದಿಟ್ಟ ಸಾಮಾನ್ಯ ಲಿಖಿತ ಫೈಲಿಗೆ ಇದೇ ಹೆಸರನ್ನು ಕೊಡಲಾಯಿತು. ಇಂದಿನ ವಿಂಡೋಸ್ ವ್ಯವಸ್ಥೆಯೂ ಇಂತಹ ಫೈಲುಗಳನ್ನು ಓದಿ ನಡೆಸುತ್ತದೆ. ಆಜ್ಞೆಗಳನ್ನು ಯಂತ್ರದಲ್ಲಿ ರೋಮನ್ ಲಿಪಿಯಲ್ಲಿಯೇ ಬರೆಯಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕೊಡಲಾಗಿದೆ.

ಅಳಿಸುವ ಆಜ್ಞೆಗೆ ‘ಡೆಲ್’ ಎಂದು ಹೆಸರು. ಅದರ ಮುಂದೆ ಫೈಲಿನ ಹೆಸರನ್ನು ಬರೆಯಬಹುದು. ಅಥವಾ ನಕ್ಷತ್ರ ಚಿಹ್ನೆಯನ್ನು ಉಪಯೋಗಿಸಿ ಒಂದೇ ಬಗೆಯ ಹೆಸರುಳ್ಳ ಎಲ್ಲ ಫೈಲುಗಳನ್ನೂ ಸೂಚಿಸಬಹುದು. ‘ಪಿ’ ಎಂಬ ಸೂಚನೆಯನ್ನು ಸೇರಿಸಿದರೆ ಪ್ರತಿಯೊಂದು ಫೈಲಿಗೂ ಯಂತ್ರವು ಅನುಮತಿ ಕೇಳುತ್ತದೆ. ‘ಎಸ್’ ಎಂಬುದನ್ನು ಸೇರಿಸಿದರೆ ಒಳಗಿನ ಎಲ್ಲ ಫೋಲ್ಡರುಗಳಿಗೂ ಆಜ್ಞೆ ವ್ಯಾಪಿಸುತ್ತದೆ. ‘ಕ್ಯೂ’ ಎಂಬುದನ್ನು ಸೇರಿಸಿದರೆ ನಕ್ಷತ್ರ ಚಿಹ್ನೆಯಿಂದ ಎಲ್ಲವನ್ನೂ ಅಳಿಸುವಾಗ ಯಂತ್ರವು ಕೇಳಬೇಕಾದ ಪ್ರಶ್ನೆಯನ್ನೂ ಕೇಳುವುದಿಲ್ಲ. ಹೀಗೆ ಅಳಿಸಿದ ಫೈಲು ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ಬಗೆಯ ತಿರುಗುವ ಡಿಸ್ಕುಗಳಲ್ಲಿ ಅಳಿಸುವುದೆಂದರೆ ಸೂಚಿಯಿಂದ ಹೆಸರನ್ನು ತೆಗೆಯುವುದಷ್ಟೆ. ಆ ಸ್ಥಳದಲ್ಲಿ ಬೇರೆ ಬರೆಹ ಬೀಳುವವರೆಗೆ ವಿಷಯವು ಉಳಿದಿರುವುದರಿಂದ ಮರಳಿ ಪಡೆಯುವ ಆಶೆಯುಂಟು. ಈಗ ಬಳಕೆಯಲ್ಲಿರುವ ಎಸ್.ಎಸ್.ಡಿ. ಬಗೆಯ ಡಿಸ್ಕುಗಳಲ್ಲಿ ತೆರವಾದ ಸ್ಥಳವನ್ನು ಯಂತ್ರವೇ ಶುದ್ಧಗೊಳಿಸುವುದರಿಂದ ಆ ಆಶೆ ಬಹಳ ಕಡಮೆ.

4. ದೋಷಗಳು ಹುಟ್ಟುವ ಬಗೆ

ಯಂತ್ರಕ್ಕೆ ಫೈಲಿನ ಹೆಸರು, ಇರುವ ಸ್ಥಳ, ದಿನಾಂಕ, ಗಾತ್ರಗಳು ಮಾತ್ರ ಗೊತ್ತು. ಒಳಗಿನ ವಿಷಯದ ಬೆಲೆ ಗೊತ್ತಿಲ್ಲ. ದೋಷಗಳೆಲ್ಲವೂ ಇಲ್ಲಿಂದಲೇ ಹೊರಡುತ್ತವೆ.

ಮೊದಲನೆಯದು ಸ್ಥಳದ ದೋಷ. ‘ಸಿಡಿ’ ಎಂಬ ಆಜ್ಞೆಯಿಂದ ಒಂದು ಫೋಲ್ಡರಿಗೆ ಹೋಗಿ ಅಲ್ಲಿರುವುದನ್ನು ಅಳಿಸುವಂತೆ ಬರೆದಿರುತ್ತೇವೆ. ಆ ಫೋಲ್ಡರು ಬೇರೊಂದು ಡ್ರೈವಿನಲ್ಲಿದ್ದರೆ, ‘ಡಿ’ ಎಂಬ ಸೂಚನೆಯನ್ನು ಸೇರಿಸದ ಹೊರತು ಯಂತ್ರವು ಅಲ್ಲಿಗೆ ಹೋಗುವುದಿಲ್ಲ. ಆದರೂ ಮುಂದಿನ ಸಾಲನ್ನು ತಾನು ನಿಂತಲ್ಲಿಯೇ ನೆರವೇರಿಸುತ್ತದೆ. ಅಳಿಯುವುದು ಬೇರೆಯೇ ಫೋಲ್ಡರಿನ ಸಾಮಗ್ರಿ.

ಎರಡನೆಯದು ಹೆಸರಿನಲ್ಲಿರುವ ತೆರಪಿನ ದೋಷ. ‘ಬಸದಿ ಚಿತ್ರಗಳು’ ಎಂಬ ಎರಡು ಪದಗಳ ಫೋಲ್ಡರಿನ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಬರೆಯದಿದ್ದರೆ, ಯಂತ್ರವು ಅದನ್ನು ಎರಡು ಹೆಸರುಗಳೆಂದು ಭಾವಿಸುತ್ತದೆ. ‘ಬಸದಿ’ ಎಂಬ ಇನ್ನೊಂದು ಫೋಲ್ಡರು ಅಲ್ಲಿದ್ದರೆ ಅದರೊಳಗಿನ ಫೈಲುಗಳಿಗೆ ಕೇಡು ತಪ್ಪಿದ್ದಲ್ಲ.

ಮೂರನೆಯದು ವಿಸ್ತರಣಪದದ ದೋಷ; ಚಿತ್ರಗಳನ್ನಿಟ್ಟುಕೊಳ್ಳುವವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಉತ್ತಮ ಗುಣಮಟ್ಟದ ಚಿತ್ರಗಳ ಹೆಸರು ‘ಟಿಐಎಫ್’ ಎಂಬ ಮೂರಕ್ಷರಗಳಿಂದಲೋ ‘ಟಿಐಎಫ್‌ಎಫ್’ ಎಂಬ ನಾಲ್ಕಕ್ಷರಗಳಿಂದಲೋ ಕೊನೆಗೊಳ್ಳುತ್ತದೆ. ಕೆಲಸದ ಪ್ರತಿಗಳಿಗೆ ಮೂರಕ್ಷರವನ್ನೂ ಮೂಲಗಳಿಗೆ ನಾಲ್ಕಕ್ಷರವನ್ನೂ ಇಟ್ಟು, ಮೂರಕ್ಷರದವನ್ನು ಮಾತ್ರ ಅಳಿಸುವಂತೆ ಆಜ್ಞೆ ಬರೆದರೆ ಮೂಲಗಳು ಸುರಕ್ಷಿತವೆಂದು ಯಾರಾದರೂ ಭಾವಿಸುವರು. ಆದರೆ ಹಳೆಯ ಡಾಸ್ ಪದ್ಧತಿಯ ಅನುಸರಣೆಗಾಗಿ ವಿಂಡೋಸ್ ವ್ಯವಸ್ಥೆಯು ಅನೇಕ ಡ್ರೈವುಗಳಲ್ಲಿ ಪ್ರತಿಯೊಂದು ಉದ್ದ ಹೆಸರಿಗೂ ಮೂರಕ್ಷರದ ಕೊನೆಯುಳ್ಳ ಒಂದು ಚಿಕ್ಕ ಹೆಸರನ್ನು ಗುಟ್ಟಾಗಿ ಇಟ್ಟಿರುತ್ತದೆ. ನಕ್ಷತ್ರ ಚಿಹ್ನೆಯು ಆ ಚಿಕ್ಕ ಹೆಸರಿಗೂ ಹೊಂದುತ್ತದೆ. ಪರಿಣಾಮವಾಗಿ ಕೆಲಸದ ಪ್ರತಿಗಳೊಡನೆ ಮೂಲಗಳೂ ಅಳಿಯುತ್ತವೆ.

ನಾಲ್ಕನೆಯದು ಕನ್ನಡ ಹೆಸರುಗಳಿಗೆ ಸಂಬಂಧಿಸಿದುದು. ಯೂನಿಕೋಡ್ ಸಂಕೇತದಲ್ಲಿ ‘ಮೊದಲ’ ಎಂಬಲ್ಲಿಯ ಒತ್ವವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು. ಎತ್ವ ಮತ್ತು ಊತ್ವಗಳೆಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಹೆಸರುಗಳು. ಬ್ಯಾಚ್ ಫೈಲನ್ನು ತಕ್ಕ ಸಂಕೇತದಲ್ಲಿ ಉಳಿಸದಿದ್ದರಂತೂ ಕನ್ನಡದ ಹೆಸರು ಯಂತ್ರಕ್ಕೆ ತಲಪುವುದೇ ಇಲ್ಲ. ಆದುದರಿಂದ ಫೈಲುಗಳಿಗೆ ಅಂಕೆಗಳ ಹೆಸರನ್ನಿಟ್ಟು, ಕನ್ನಡದ ವಿವರಗಳನ್ನು ಸೂಚಿಯಲ್ಲಿ ಬರೆದಿಡುವುದು ಲೇಸು.

5. ‘ಹಳತು’ ಎಂಬ ಮಾನದಂಡ

ಇತಿಹಾಸದ ವಿದ್ಯಾರ್ಥಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಕಾಲದ ವಿಚಾರ. ಮೂವತ್ತು ದಿನಗಳಿಗಿಂತ ಹಳೆಯದಾದ ಫೈಲುಗಳನ್ನೆಲ್ಲ ಅಳಿಸು ಎಂದು ‘ಫೋರ್‌ಫೈಲ್ಸ್’ ಎಂಬ ಆಜ್ಞೆಯ ಮೂಲಕ ಬರೆಯುವುದು ಕಚೇರಿಗಳಲ್ಲಿ ರೂಢಿಯಲ್ಲಿದೆ. ಇಲ್ಲಿ ಹಳತು ಎಂದರೆ ಕೊನೆಯ ಬಾರಿ ಬದಲಾದ ದಿನದಿಂದ ಲೆಕ್ಕಹಾಕಿದುದು. ಪ್ರತಿದಿನವೂ ತಿದ್ದುತ್ತಿರುವ ಕರಡು ಪ್ರತಿ ಯಾವಾಗಲೂ ಹೊಸದು. ಒಮ್ಮೆ ತೆಗೆದು, ಅನಂತರ ಯಾರೂ ಕೈಯಿಡದೆ ಶುದ್ಧವಾಗಿ ಉಳಿಸಿದ ಮೂಲಚಿತ್ರವೇ ಅತ್ಯಂತ ಹಳೆಯದು. ಹೀಗಾಗಿ ಈ ಮಾನದಂಡವು ಕರಡನ್ನು ಉಳಿಸಿ ಮೂಲವನ್ನು ನಾಶಮಾಡುತ್ತದೆ. ಕಚೇರಿಯ ತಾತ್ಕಾಲಿಕ ಫೈಲುಗಳಿಗೆ ತಕ್ಕುದಾದ ನಿಯಮವು ಗ್ರಂಥಭಂಡಾರಕ್ಕೆ ತದ್ವಿರುದ್ಧವಾಗಿ ಪರಿಣಮಿಸುತ್ತದೆ.

ನಮ್ಮ ದೇಶದ ಕಾನೂನು ಈ ಭೇದವನ್ನು ಗುರುತಿಸಿದೆ. 1917ರ ದಾಖಲೆಗಳ ನಾಶದ ಅಧಿನಿಯಮವು, ಉಳಿಸತಕ್ಕಷ್ಟು ಸಾರ್ವಜನಿಕ ಬೆಲೆಯಿಲ್ಲದ ಪತ್ರಗಳನ್ನು ನಿಯಮಾನುಸಾರ ವಿಲೇವಾರಿ ಮಾಡಲು ಅಧಿಕಾರಿಗಳಿಗೆ ಅವಕಾಶ ಕೊಟ್ಟಿತು. ಕೇಂದ್ರ ಸರ್ಕಾರದ ದಾಖಲೆಗಳಿಗೆ ಸಂಬಂಧಿಸಿದ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವಾದರೋ, ಗೊತ್ತುಪಡಿಸಿದ ವಿಧಾನದಿಂದಲ್ಲದೆ ಯಾವ ಸಾರ್ವಜನಿಕ ದಾಖಲೆಯನ್ನೂ ನಾಶಪಡಿಸತಕ್ಕದ್ದಲ್ಲವೆಂದು ವಿಧಿಸಿತು. 1892ಕ್ಕಿಂತ ಹಿಂದಿನ ದಾಖಲೆಯನ್ನು, ಅದು ಉಪಯೋಗಕ್ಕೆ ಬಾರದಷ್ಟು ಜೀರ್ಣವಾದ ಹೊರತು, ನಾಶಮಾಡುವಂತೆಯೇ ಇಲ್ಲ. ತಪ್ಪಿದವರಿಗೆ ಐದು ವರ್ಷಗಳವರೆಗಿನ ಸೆರೆವಾಸವೋ ಹತ್ತು ಸಾವಿರ ರೂಪಾಯಿಗಳವರೆಗಿನ ದಂಡವೋ ಎರಡೂವೋ ಒದಗಬಹುದು. ಗಣಕಯಂತ್ರದಿಂದ ಹುಟ್ಟಿದ ಸಾಮಗ್ರಿಯೂ ಈ ಅಧಿನಿಯಮದ ಅರ್ಥದಲ್ಲಿ ದಾಖಲೆಯೇ ಆಗಿದೆ.

ನಿಯಮಾನುಸಾರವಾದ ನಾಶವೂ ಮುಂದೆ ಎಂತಹ ಪ್ರಶ್ನೆಗಳನ್ನು ಎಬ್ಬಿಸಬಲ್ಲುದೆಂಬುದಕ್ಕೆ ಬೆಳ್ತಂಗಡಿಯಲ್ಲಿಯೇ ಇತ್ತೀಚಿನ ನಿದರ್ಶನವಿದೆ. 2000ದಿಂದ 2015ರವರೆಗಿನ ಅಸ್ವಾಭಾವಿಕ ಮರಣಗಳಿಗೆ ಸಂಬಂಧಿಸಿದ ದಾಖಲೆಗಳನ್ನು ಆಡಳಿತ ಕ್ರಮದಂತೆ ನಾಶಪಡಿಸಲಾಗಿದೆಯೆಂದು, ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಅಲ್ಲಿನ ಪೊಲೀಸರು ಉತ್ತರವಿತ್ತರೆಂದು 2025ರಲ್ಲಿ ಪತ್ರಿಕೆಗಳು ವರದಿಮಾಡಿದುವು. ಆ ಪ್ರಕರಣದ ಗುಣದೋಷಗಳ ವಿಚಾರ ಇಲ್ಲಿ ಅಪ್ರಸ್ತುತ. ನಾವು ಗಮನಿಸಬೇಕಾದುದು ಇಷ್ಟು: ದಾಖಲೆಯನ್ನು ತೆಗೆದುಹಾಕುವ ದಿನ ಅದರ ಬಗ್ಗೆ ಯಾರೂ ಕೇಳುತ್ತಿರಲಿಲ್ಲವೆಂಬುದು ಅದಕ್ಕೆ ಬೆಲೆಯಿಲ್ಲವೆಂಬುದಕ್ಕೆ ಪ್ರಮಾಣವಾಗದು.

6. ಅನುಸರಿಸಬಹುದಾದ ಕ್ರಮ

ಮೇಲಿನ ವಿವೇಚನೆಯ ಆಧಾರದಿಂದ, ಸಂಶೋಧನ ಸಾಮಗ್ರಿಯನ್ನು ಅಳಿಸಬೇಕಾದಾಗ ಈ ಮುಂದಿನ ಕ್ರಮವನ್ನು ಸೂಚಿಸಬಹುದು.

(ಅ) ಯಾವ ವರ್ಗದ ಫೈಲುಗಳನ್ನು ಯಾವ ಕಾರಣಕ್ಕಾಗಿ ಅಳಿಸಬೇಕೆಂಬುದನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಸಾಧ್ಯವಿದ್ದಲ್ಲಿ ಇಬ್ಬರು ಓದಿ ಒಪ್ಪಬೇಕು. ಆಜ್ಞೆ ಬರೆಯುವುದು ಅನಂತರದ ಕೆಲಸ.

(ಆ) ಮೂಲಗಳನ್ನು ಪ್ರತ್ಯೇಕ ಡಿಸ್ಕಿನಲ್ಲಿಟ್ಟು, ‘ಆಟ್ರಿಬ್’ ಎಂಬ ಆಜ್ಞೆಯಿಂದ ಅವನ್ನು ಓದುವುದಕ್ಕೆ ಮಾತ್ರ ಎಂದು ಗುರುತಿಸಬೇಕು. ‘ಎಫ್’ ಎಂಬ ಸೂಚನೆಯನ್ನು ಬಲವಂತವಾಗಿ ಸೇರಿಸದ ಹೊರತು ‘ಡೆಲ್’ ಆಜ್ಞೆಯು ಇಂತಹ ಫೈಲುಗಳನ್ನು ಅಳಿಸದು.

(ಇ) ‘ಡೆಲ್’ ಬರೆಯುವ ಮುನ್ನ ಅದೇ ಹೆಸರಿನ ಮಾದರಿಯನ್ನು ‘ಡಿರ್’ ಎಂಬ ಆಜ್ಞೆಗೆ ಕೊಟ್ಟು ಪಟ್ಟಿಯನ್ನು ಪಡೆದು ಓದಬೇಕು. ಮೂರಕ್ಷರ, ನಾಲ್ಕಕ್ಷರಗಳ ದೋಷವು ಈ ಪಟ್ಟಿಯಲ್ಲಿಯೇ ಬಯಲಾಗುತ್ತದೆ.

(ಈ) ಉಳಿಯುವ ಪ್ರತಿಯು ಮೂಲಕ್ಕೆ ಸರಿಯಾಗಿದೆಯೆಂಬುದನ್ನು ಪರೀಕ್ಷಿಸಬೇಕು. ‘ಸರ್ಟ್‌ಯುಟಿಲ್’ ಎಂಬ ಆಜ್ಞೆಯು ಒಂದು ಫೈಲಿನಿಂದ ಅಕ್ಷರಗಳ ಒಂದು ಮುದ್ರೆಯನ್ನು ಲೆಕ್ಕಹಾಕಿ ಕೊಡುತ್ತದೆ. ಎರಡು ಫೈಲುಗಳ ಮುದ್ರೆಗಳು ಒಂದೇ ಆಗಿದ್ದರೆ ಅವು ಒಂದೇ ಎಂದು ನಂಬಬಹುದು. ಓಲೆಯ ಪಾಠಗಳನ್ನು ಹೋಲಿಸುವ ಪರಿಶ್ರಮದ ಮುಂದೆ ಇದು ಅತ್ಯಲ್ಪ.

(ಉ) ಒಡನೆಯೇ ಅಳಿಸದೆ ‘ಮೂವ್’ ಆಜ್ಞೆಯಿಂದ ಫೈಲುಗಳನ್ನು ವಿಲೇವಾರಿಯ ಫೋಲ್ಡರೊಂದಕ್ಕೆ ಸಾಗಿಸಿ, ಒಂದು ಶೈಕ್ಷಣಿಕ ಅವಧಿಯವರೆಗಾದರೂ ಕಾಯಬೇಕು. ಅನಂತರ ಆ ಫೋಲ್ಡರಿನ ಪೂರ್ಣ ವಿಳಾಸವನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದು ಅಳಿಸಬೇಕು.

(ಊ) ಅಳಿಸಿದ ಫೈಲುಗಳ ಪಟ್ಟಿ, ದಿನಾಂಕ, ಕಾರಣಗಳನ್ನು ಶಾಶ್ವತವಾಗಿ ಉಳಿಸಬೇಕು. ವಸ್ತು ಹೋದರೂ ಅದು ಇತ್ತೆಂಬ ದಾಖಲೆ ಉಳಿಯುವುದು.

ಇನ್ನೊಂದು ಎಚ್ಚರಿಕೆ. ‘ರೋಬೋಕಾಪಿ’ಯ ಕನ್ನಡಿ ವಿಧಾನದಲ್ಲಾಗಲಿ, ಅಂತರಜಾಲದ ಸಂಗ್ರಹದೊಡನೆ ತಾನಾಗಿಯೇ ಹೊಂದಿಕೊಳ್ಳುವ ಫೋಲ್ಡರಿನಲ್ಲಾಗಲಿ, ಒಂದು ಕಡೆ ಅಳಿಸಿದುದು ಇನ್ನೊಂದು ಕಡೆಯೂ ಅಳಿಯುತ್ತದೆ. ಅಂತಹುದನ್ನು ಎರಡನೆಯ ಪ್ರತಿಯೆಂದು ಎಣಿಸತಕ್ಕದ್ದಲ್ಲ.

7. ಉಪಸಂಹಾರ

ಬ್ಯಾಚ್ ಆಜ್ಞೆಯು ಉಪಯುಕ್ತವಾದ ಸಾಧನ. ಸಾವಿರಾರು ತಾತ್ಕಾಲಿಕ ಫೈಲುಗಳನ್ನು ಕೈಯಿಂದ ಅಳಿಸುತ್ತ ಕೂಡುವುದು ಯಾರಿಗೂ ಸಾಧ್ಯವಲ್ಲ. ಆದರೆ ಏನು ತಾತ್ಕಾಲಿಕ, ಏನು ಶಾಶ್ವತ ಎಂಬ ನಿರ್ಣಯವನ್ನು ಆಜ್ಞೆಗೆ ಒಪ್ಪಿಸಲಾಗದು. ಅದು ಸಾಮಗ್ರಿಯನ್ನು ಓದಬಲ್ಲವರ ಹೊಣೆ. ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಕ್ಷೇತ್ರಕಾರ್ಯವನ್ನು ಕಲಿಸುವಾಗ ಚಿತ್ರ ತೆಗೆಯುವುದರೊಡನೆ ಈ ವಿಲೇವಾರಿಯ ಕ್ರಮವನ್ನೂ ಕಲಿಸುವುದು ಉಚಿತ. ಪ್ರತಿಯೊಂದು ವಿಭಾಗವೂ ತನ್ನ ಡಿಸ್ಕುಗಳಲ್ಲಿರುವ ಸಾಮಗ್ರಿಯ ಸೂಚಿಯೊಂದನ್ನು ಈ ವರ್ಷವೇ ಸಿದ್ಧಪಡಿಸತೊಡಗಿದರೆ ಅದೇ ಒಳ್ಳೆಯ ಆರಂಭವಾದೀತು.